ಎರಡು ರೋಲಿನ ಮದುವೆ

ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ನನ್ನ ಸ್ಟುಡಿಯೊ ಇದ್ದ ಮಳಿಗೆಯಲ್ಲಿ ಈಗ ಮೊಬೈಲ್ ರಿಪೇರಿ ನಡೆಯುತ್ತದೆ. ಮಂಡಿ ನೋವಿಗೆಂದು ಹೋದಾಗ ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದರು. ಮದುವೆ ಫೋಟೋಗ್ರಾಫರನ ಕೆಲಸದಲ್ಲಿ ಅರ್ಧ ವೇದಿಕೆ ಹತ್ತುವುದು, ಇನ್ನರ್ಧ ಇಳಿಯುವುದು. ಆದ್ದರಿಂದ ಅಂಗಡಿ ಮುಚ್ಚಿದೆ. ಆದರೂ ಹೊಸದಾಗಿ ಕ್ಯಾಮೆರಾ ಕೊಂಡ ಹುಡುಗರು ಮನೆಗೆ ಬರುತ್ತಾರೆ. ಬೆಳಕಿನ ಬಗ್ಗೆ ಕೇಳುವುದಿಲ್ಲ; ಅದು ಅವರಿಗೆ ಫೋನಿನಲ್ಲೇ ಸಿಗುತ್ತದೆ. ಅವರು ಕೇಳುವುದು ಒಂದೇ: "ಕಾಕಾ, ಪಾರ್ಟಿಗೆ ಎಷ್ಟು ಹೇಳಬೇಕ್ರಿ?"

ನೀವು ಎಷ್ಟೇ ಹೇಳಿ, ಅವರು ಕೊಡುವುದು ಮೊದಲೇ ಗೊತ್ತಾಗಿರುತ್ತದೆ. ನಮ್ಮ ಕಡೆ ಮದುವೆ ನಿಕ್ಕಿಯಾದ ಕೂಡಲೇ ಹಿರಿಯರು ಪಡಸಾಲೆಯಲ್ಲಿ ಕೂತು ಖರ್ಚು ಹಾಕುತ್ತಾರೆ. ಮೊದಲು ಬಂಗಾರ, ಆಮೇಲೆ ಜವಳಿ, ಹಂದರ, ಅಡಿಗೆಯವರು, ಬಾಜಾದವರು, ಬಾಂಡೆ ಪಾತ್ರೆ ಸಾಮಾನು. ಎಲ್ಲ ಮುಗಿದು ಚಹಾ ಬಂದಾಗ ಯಾರೋ ಒಬ್ಬರು, "ಫೋಟೋದಾಂವಾ?" ಎನ್ನುತ್ತಾರೆ. ಇನ್ನೊಬ್ಬರು, "ಅವಂಗ ಉಳಿದದ್ದು" ಎನ್ನುತ್ತಾರೆ. ಆ ಉಳಿದದ್ದರಲ್ಲಿ ನಾನು ಮನೆ ಕಟ್ಟಿದ್ದೇನೆ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ್ದೇನೆ. ಅವರ ಮದುವೆಗಳಲ್ಲೂ ಫೋಟೋದವನಿಗೆ ಉಳಿದದ್ದೇ.

ನನಗೆ ಕೆಲಸ ಕಲಿಸಿದವರು ಕೊಪ್ಪಳದ ಪೇಟೆಯಲ್ಲಿ ಸ್ಟುಡಿಯೊ ಇಟ್ಟಿದ್ದ ಖಾದರ ಸಾಹೇಬರು. ಉಸ್ತಾದರು ದರದ ವಿಷಯದಲ್ಲಿ ಹೇಳಿಕೊಟ್ಟದ್ದು ಒಂದೇ ಪಾಠ. "ಬೇಟಾ, ರೇಟು ಆಮ್ಯಾಲ. ಮೊದಲ ಆ ಮನ್ಯಾಗ ಯಾರ ಜತಿ ಯಾರು ಮಾತು ಬಿಟ್ಟಾರ ಕೇಳು. ಅವರಿಬ್ಬರನ್ನ ಒಂದ ಫೋಟೋದಾಗ ನಿಲ್ಲಿಸಿದ್ರ ರೋಲೂ ಹಾಳು, ಮದುವೀನೂ ಹಾಳು."

ಖಾಲಿ ಫ್ಲ್ಯಾಶನ್ನೂ ಅವರೇ ಕಲಿಸಿದರು. ಈಗಿನವರಿಗೆ ಇದು ಗೊತ್ತಿಲ್ಲ. ಆಗ ಒಂದು ರೋಲಿಗೆ ಮೂವತ್ತಾರು ಫೋಟೋ, ಒಂದೊಂದಕ್ಕೂ ಖರ್ಚು. ಆದರೆ ಮುಯ್ಯಿ ಹಾಕಲು ಬಂದ ಪ್ರತಿಯೊಬ್ಬರಿಗೂ ತಮ್ಮ ಮುಖದ ಮೇಲೆ ಬೆಳಕು ಬೀಳಬೇಕು, ಇಲ್ಲದಿದ್ದರೆ ಅವಮಾನ. ಅದಕ್ಕೆ ಕ್ಯಾಮೆರಾದ ಗುಂಡಿ ಒತ್ತದೆ ಫ್ಲ್ಯಾಶಿನ ಗುಂಡಿ ಮಾತ್ರ ಒತ್ತುವುದು. ಬೆಳಕು ಬೀಳುತ್ತದೆ, ರೋಲು ಉಳಿಯುತ್ತದೆ, ನೆಂಟರು ಸಮಾಧಾನದಿಂದ ಊಟಕ್ಕೆ ಹೋಗುತ್ತಾರೆ. ಯಾರಿಗೆ ಖರೇ ಫೋಟೋ, ಯಾರಿಗೆ ಖಾಲಿ ಎಂದು ಹೇಳುವವರು ಮದುವೆ ಮಾಡುವ ಯಜಮಾನರು. ಒಂದು ಮದುವೆಯಲ್ಲಿ ಯಜಮಾನರು ನನ್ನೊಂದಿಗೆ ಗುಟ್ಟಾಗಿ ಸನ್ನೆ ಗೊತ್ತುಮಾಡಿಕೊಂಡಿದ್ದರು: ಎರಡು ಬೆರಳು ತೋರಿಸಿದರೆ ಖರೇ, ಒಂದು ಬೆರಳಾದರೆ ಖಾಲಿ. ನಡುವೆ ಅವರು ಬಡಿಸುವವರ ಕಡೆ ತಿರುಗಿ, ಎರಡೆರಡು ಸೌಟು ಹುಗ್ಗಿ ಹಾಕಿ ಎಂದು ಬೆರಳು ತೋರಿಸುತ್ತಲೇ ಇದ್ದರು. ನಾನು ತೆಗೆಯುತ್ತಲೇ ಇದ್ದೆ. ಆ ಆಲ್ಬಮ್ಮಿನಲ್ಲಿ ಮದುಮಕ್ಕಳಿಗಿಂತ ಹುಗ್ಗಿ ಬಡಿಸುವವರು ಹೆಚ್ಚು. ಉಸ್ತಾದರು ಆಲ್ಬಂ ನೋಡಿ, "ಹುಗ್ಗಿ ಛಲೋ ಬಂದೈತಿ" ಎಂದರು. ಆ ತಿಂಗಳ ಪಗಾರದಲ್ಲಿ ಒಂದು ರೋಲು ಕಡಿತವಾಯಿತು.

ಇಷ್ಟು ವರ್ಷಗಳಲ್ಲಿ ನನ್ನೊಂದಿಗೆ ಖರ್ಚಿನ ಮಾತಾಡಿದವರಲ್ಲಿ ಸಂಗಪ್ಪನವರಂಥವರು ಇನ್ನೊಬ್ಬರಿಲ್ಲ. ನಾನು ಸ್ವಂತ ಸ್ಟುಡಿಯೊ ಹಾಕಿದ ಮೇಲಿನ ಮಾತು. ಅವರು ಯಲಬುರ್ಗಾದ ಒಂದು ಕಚೇರಿಯಲ್ಲಿ ಗುಮಾಸ್ತರು. ಊರಲ್ಲಿ ಸ್ವಲ್ಪ ಎರೆಹೊಲ, ಇಬ್ಬರು ಹೆಣ್ಣುಮಕ್ಕಳು. ಹಿರಿಯಳು ಗಿರಿಜಾಳ ಮದುವೆಗೆ ಫೋಟೋ ಗೊತ್ತುಮಾಡಲು ಯಲಬುರ್ಗಾದಿಂದ ಬಸ್ಸಿನಲ್ಲಿ ಬಂದಿದ್ದರು. ನಿಂತೇ ಮಾತು ಶುರುಮಾಡಿದರು.

"ಈರಣ್ಣಾರ, ಒಂದು ಫೋಟೋಕ್ಕ ಎಷ್ಟು ಬೀಳತೈತಿ?"

"ಹಂಗ ಬಿಡಿ ಲೆಕ್ಕ ಇರಂಗಿಲ್ರಿ. ರೋಲಿನ ಲೆಕ್ಕ."

"ರೋಲಿನ್ಯಾಗ ಕೆಡೋವು ಎಷ್ಟು?"

"ಎರಡ್ಮೂರು ಕೆಡಬಹುದ್ರಿ."

"ಕೆಟ್ಟದ್ದು ಯಾರ ಲೆಕ್ಕಕ್ಕ?"

ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಉತ್ತರ ಹುಡುಕುವಷ್ಟರಲ್ಲಿ ಅವರು ಕುರ್ಚಿ ಎಳೆದುಕೊಂಡು ಕೂತು ಮುಂದಿನದಕ್ಕೆ ಹೋಗಿದ್ದರು. ಎರಡು ರೋಲು ಸಾಕು. ಒಂದು ಶಾಸ್ತ್ರಕ್ಕೆ, ಒಂದು ಬಂಧುಗಳಿಗೆ. ವಿಡಿಯೋ ಬೇಡ, ಆ ಲೈಟಿನ ಬಿಸಿಗೆ ಹೋದ ವರ್ಷ ಅವರ ತಂಗಿಯ ಮಗಳ ಮದುವೆಯಲ್ಲಿ ಸ್ವಾಮಿಗಳಿಗೆ ತಲೆ ಸುತ್ತಿ, ಮಂತ್ರ ಅರ್ಧಕ್ಕೆ ನಿಂತಿತ್ತಂತೆ. ಕೊನೆಗೆ ನೆಗೆಟಿವ್ ವಿಷಯ ಬಂತು.

"ನೆಗೆಟಿವ್ ನಿಮಗ ಕೊಡ್ತೀನ್ರಿ. ಅದರದ್ದು ಸ್ವಲ್ಪ ಬ್ಯಾರೆ ಆಗತೈತಿ," ಎಂದೆ.

"ಅದನ್ನ ತೊಗೊಂಡು ಏನ್ ಮಾಡ್ಲಿ? ಕುದಿಸಿ ತಿನ್ಲೇನು? ನೀವ ಇಟಗೋರಿ. ಅದರದ್ದು ಕಡಿಮಿ ಮಾಡ್ರಿ."

ಕಡಿಮೆ ಮಾಡಿದೆ. ಅವರ ಬಸ್ಸಿಗೆ ಇನ್ನೂ ಸಮಯವಿತ್ತು. ಇನ್ನೂ ಕೂತಿದ್ದರೆ ಇನ್ನೂ ಕಡಿಮೆ ಮಾಡುತ್ತಿದ್ದೆನೇನೋ. ಚಹಾ ತರಿಸಿ, ಕುಡಿಸಿ ಕಳಿಸಿದೆ.

ಮದುವೆ ಅವರ ಊರಲ್ಲೇ, ಮನೆ ಮುಂದೆ ಹಂದರ ಹಾಕಿ. ಗಂಡು ವೀರೇಶ ಗಂಗಾವತಿಯವನು. ಕಾಲುವೆ ನೀರಿನ ಗದ್ದೆ ಇದ್ದ ಮನೆತನ. ಬೀಗರನ್ನು ಊರ ಕನ್ನಡ ಸಾಲಿಯಲ್ಲಿ ಇಳಿಸಿದ್ದರು. ಮುಹೂರ್ತ ಹತ್ತಿರವಾದಾಗ ಗಂಡಿನ ಸೋದರಮಾವ ಬಂದು ನನ್ನ ಕೈ ಹಿಡಿದು, "ಸಾಲಿ ಕಡಿ ನಡೀರಿ, ನಮ್ಮ ಮಂದೀದು ತೆಗೀರಿ" ಎಂದ. ಸಂಗಪ್ಪನವರು ನನ್ನ ಇನ್ನೊಂದು ಕೈ ಹಿಡಿದರು.

"ನಮ್ಮ ರೋಲು ಎರಡ. ಬೀಗರದು ತೆಗೆಯೋದಿದ್ರ ಬೀಗರು ರೋಲು ಕೊಡ್ಲಿ."

ಗಂಡಿನ ತಾಯಿ ನೀಲಮ್ಮ ಸಾಲಿಯಿಂದಲೇ ಬಂದುಬಿಟ್ಟರು. ದೊಡ್ಡ ದನಿಯ ಹೆಂಗಸು. "ನಾವೇನು ಫೋಟೋ ಕಾಣದ ಮಂದಿ ಏನ್ರಿ? ಹೆಣ್ಣಿನ ಕಡೇರು ತೆಗಸಬೇಕು, ಅದು ಪದ್ಧತಿ."

"ಹಂದರ ನಮ್ಮ ಪದ್ಧತಿ, ಊಟ ನಮ್ಮ ಪದ್ಧತಿ," ಎಂದರು ಸಂಗಪ್ಪನವರು. "ಫೋಟೋಕ್ಕ ಯಾ ಪದ್ಧತೀರಿ? ಅದು ಮೊನ್ನೆ ಬಂದದ್ದು."

ನೀಲಮ್ಮ ಹಿಂತಿರುಗಿ ಹೋದರು. ಸ್ವಲ್ಪ ಹೊತ್ತಿಗೆ ಸುದ್ದಿ ಬಂತು: ಗಂಡು ಸಾಲಿ ಬಿಟ್ಟು ಹೊರಡುವುದಿಲ್ಲ. ಬಾಜಾದವರು ಬಾರಿಸುವುದನ್ನು ನಿಲ್ಲಿಸಿದರು. ಸ್ವಾಮಿಗಳು ಗಡಿಯಾರ ನೋಡಿಕೊಂಡರು. ಸಂಗಪ್ಪನವರು ಹಂದರದ ಕಂಬ ಹಿಡಿದು ನಿಂತಿದ್ದರು. ಅವರ ಹೆಂಡತಿ ಒಳಗೆ ಅಳುತ್ತಿದ್ದರು. ಒಂದು ರೋಲಿನ ಮಾತಿಗೆ ಮದುವೆ ನಿಂತಿತು ಎಂದರೆ ನಾಳೆ ನನ್ನನ್ನು ಯಾವ ಮದುವೆಗೆ ಕರೆದಾರು ಎಂದು ನನಗೆ ನನ್ನದೇ ಚಿಂತೆ.

ಆಗ ಒಳಗಿನಿಂದ ಗಿರಿಜಾ ಕರೆದಳು. ಬಾಸಿಂಗ ಕಟ್ಟಿಕೊಂಡು ಚಾಪೆಯ ಮೇಲೆ ಕೂತಿದ್ದಳು.

"ಅಣ್ಣಾರ, ನನ್ನ ಗೆಳತ್ಯಾರ ಜತಿ ಎಷ್ಟು ಫೋಟೋ ಅಂತ ಹೇಳ್ಯಾನ ಅಪ್ಪ?"

"ಐದಾರು ಅಂದಾರವ್ವ."

"ಅವನ್ನೆಲ್ಲಾ ಬೀಗರಿಗೆ ಹಾಕ್ರಿ. ಗೆಳತ್ಯಾರಿಗೆ ಖಾಲಿ ಫ್ಲ್ಯಾಶ್ ಹೊಡೀರಿ. ಅವರು ನನ್ನ ಮ್ಯಾಲ ಸಿಟ್ಟಾಗಂಗಿಲ್ಲ."

ಖಾಲಿ ಫ್ಲ್ಯಾಶಿನ ಗುಟ್ಟು ಅವಳಿಗೆ ಹೇಗೆ ಗೊತ್ತಾಯಿತೋ ನನಗೆ ತಿಳಿಯದು. ಹೋಗಿ ಸಂಗಪ್ಪನವರಿಗೆ ಹೇಳಿದೆ. ಹೊಸ ಖರ್ಚಿಲ್ಲ ಎಂದು ಖಚಿತವಾದ ಮೇಲೆ ಅವರು ಕಂಬ ಬಿಟ್ಟರು. ಗಂಡು ಬಂತು, ಅಕ್ಕಿಕಾಳು ಬಿದ್ದವು, ಮದುವೆ ಆಯಿತು.

ಊಟದ ಮುಂಚೆ ಸಾಲಿಯ ಗೋಡೆಯ ಮುಂದೆ ಬೀಗರ ಫೋಟೋ ತೆಗೆದೆ. ಅದರಲ್ಲಿ ಒಂದು ಮನೆಯವರದು: ವೀರೇಶ, ಗಿರಿಜಾ, ಹಿಂದೆ ಇನ್ನೂ ಮುಖ ಗಂಟುಹಾಕಿಕೊಂಡೇ ಇದ್ದ ನೀಲಮ್ಮ, ಮುಂದೆ ಕುರ್ಚಿಯಲ್ಲಿ ನೀಲಮ್ಮನ ತಾಯಿ. ಹಣ್ಣಾದ ಮುದುಕಿ. ಕ್ಯಾಮೆರಾ ಕಂಡು ನಡುಗುತ್ತಿದ್ದಳು. "ಎಲ್ಲಿ ನೋಡ್ಲೆವ್ವಾ?" ಎಂದು ಗಿರಿಜಾಳನ್ನೇ ಕೇಳಿದಳು. ಗಿರಿಜಾ ಅವಳ ಹೆಗಲ ಮೇಲೆ ಕೈಯಿಟ್ಟು, "ಆ ಅಣ್ಣನ ಕಡಿ ನೋಡ್ರಿ ಅಜ್ಜಿ, ಏನೂ ಮಾಡಂಗಿಲ್ಲ ಅವ್ರು" ಎಂದಳು. ಮುದುಕಿ ನನ್ನ ಕಡೆ ನೋಡಿದಳು. ನಾನು ಗುಂಡಿ ಒತ್ತಿದೆ.

ಆಲ್ಬಂ ಪದ್ಧತಿಯಂತೆ ಗಂಡನ ಮನೆಗೆ ಹೋಯಿತು. ನಾನು ಬೇರೆ ಮದುವೆಗಳಿಗೆ ಹೋದೆ.

ಕೆಲವು ವರ್ಷಗಳ ಮೇಲೆ ಸಂಗಪ್ಪನವರು ಮತ್ತೆ ಸ್ಟುಡಿಯೊ ಬಾಗಿಲಲ್ಲಿ ನಿಂತಿದ್ದರು. ಈ ಸಲ ನಾನೇ ಕುರ್ಚಿ ಕೊಟ್ಟು ಕೂಡಿಸಬೇಕಾಯಿತು. ಗಿರಿಜಾಳನ್ನು ಪಂಚಮಿ ಹಬ್ಬಕ್ಕೆ ತವರಿಗೆ ಕಳಿಸಿದ್ದರಂತೆ. ತಿರುಗಿ ಕರೆದೊಯ್ಯಲು ಯಾರೂ ಬರಲಿಲ್ಲ. ದೀಪಾವಳಿಗೂ ಬರಲಿಲ್ಲ. ಇವರೇ ಗಂಗಾವತಿಗೆ ಹೋದರೆ ಮನೆಯಲ್ಲಿ ವೀರೇಶನ ಹೊಸ ಹೆಂಡತಿ ನೀರು ತಂದುಕೊಟ್ಟಳಂತೆ. ಗಿರಿಜಾ ಜೀವನಾಂಶ ಕೇಳಿ ಯಲಬುರ್ಗಾದ ಕೋರ್ಟಿಗೆ ಹೋದಳು. ಆ ಕಡೆಯವರು ಕೊಟ್ಟ ಉತ್ತರ: ನಿಶ್ಚಿತಾರ್ಥವಾಗಿತ್ತು, ಮದುವೆ ಆಗಿಯೇ ಇಲ್ಲ. ಸಾಕ್ಷಿಗೆ ಗಂಡಿನ ತಾಯಿ ಇದ್ದಾರೆ.

"ಮದುವಿ ಎಲ್ಲೂ ರಜಿಸ್ಟರ್ ಮಾಡಿಸಿಲ್ಲ," ಎಂದರು ಸಂಗಪ್ಪನವರು. "ಆಲ್ಬಂ ಅವರ ಕಡಿ ಐತಿ. ನಮ್ಮೂರ ಮಂದಿ ಹೇಳಿದ್ರ ನಿಮ್ಮ ಕಡೇರು ಅಂತಾರ." ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಂಡರು. "ಈರಣ್ಣಾರ, ಆ ನೆಗೆಟಿವ್... ಅದಾವೇನ್ರಿ?"

ಅಟ್ಟದ ಮೇಲೆ, ಔಷಧಿ ಡಬ್ಬಿಗಳ ಹಿಂದೆ ಇದ್ದವು. ಅವರು ಜೀವಮಾನದಲ್ಲಿ ಮಾಡಿದ ಉಳಿತಾಯಗಳಲ್ಲಿ ಇಷ್ಟು ಉಪಯೋಗಕ್ಕೆ ಬಂದದ್ದು ಇದೊಂದೇ ಇರಬೇಕು. ಅಂದು ಕಡಿಮೆ ಮಾಡಿಸಿದ್ದ ಹಣವನ್ನು ಮೇಜಿನ ಮೇಲಿಟ್ಟು ಕೈಮುಗಿದರು. ನಾನು ಬೇಡವೆಂದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಪ್ರಿಂಟು ಹಾಕಿಸಿ ನೋಡಿದಾಗ ನಮ್ಮ ವೃತ್ತಿಯ ದೊಡ್ಡ ದೋಷವೊಂದು ಕಂಡಿತು. ತಾಳಿ ಕಟ್ಟುವಾಗ ಮುಂದೆ ಬಾಸಿಂಗ, ಮೇಲಿಂದ ಅಕ್ಕಿಕಾಳು, ಸುತ್ತ ಕೈಗಳು. ಆ ಫೋಟೋದಲ್ಲಿ ಗಂಡು ಯಾರು ಎಂದು ಹೇಳುವುದು ಸ್ವತಃ ಗಂಡಿಗೂ ಕಷ್ಟ. ಎಲ್ಲರ ಮುಖ ಚೆನ್ನಾಗಿ ಕಂಡದ್ದು ಸಾಲಿಯ ಗೋಡೆಯ ಮುಂದೆ ತೆಗೆದದ್ದರಲ್ಲಿ. ವಕೀಲರು ಅದನ್ನೇ ಮುಂದಿಟ್ಟು ನನ್ನನ್ನು ಸಾಕ್ಷಿಗೆ ಕರೆಸಿದರು.

ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದೆ. ಕಟಕಟೆಯಲ್ಲಿ ನಿಂತಾಗ, ಇಷ್ಟು ವರ್ಷ ನನ್ನ ಮುಂದೆ ನಿಂತವರಿಗೆ ಏನಾಗುತ್ತಿತ್ತು ಎಂಬುದು ಮೊದಲ ಬಾರಿ ತಿಳಿಯಿತು. ಕೈ ಎಲ್ಲಿಡಬೇಕು ಗೊತ್ತಾಗಲಿಲ್ಲ. ಆ ಕಡೆಯ ವಕೀಲರು ಪಾಟೀಸವಾಲಿಗೆ ಎದ್ದರು. ಮೃದುವಾಗಿ ಮಾತಾಡುವ ಮನುಷ್ಯ.

"ಮದುವಿ ಯಾವ ತಾರೀಖು?"

"ತಾರೀಖು ನೆನಪಿಲ್ರಿ. ಹುಗ್ಗಿ ಛಲೋ ಆಗಿತ್ತು."

ನ್ಯಾಯಾಧೀಶರು ತಲೆಯೆತ್ತಿ ನೋಡಿದರು.

"ರಸೀದಿ ಕೊಟ್ಟೀರೇನು?"

"ಇಲ್ರಿ."

"ಮದುವಿ ಆಗದನ, ಬರೇ ಫೋಟೋಕ್ಕಂತ ಬಾಸಿಂಗ ಕಟ್ಟಿಸಿ ನಿಲ್ಲಿಸಿ ತೆಗೆಯೋದು ಉಂಟೋ ಇಲ್ಲೋ?"

ಪ್ರಮಾಣ ಮಾಡಿದ್ದೆ. ಉಂಟು ಎಂದೆ. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಒಮ್ಮೆ ಕುಷ್ಟಗಿಯಲ್ಲಿ ರೋಲು ಬೆಳಕು ತಿಂದು ಹಾಳಾಗಿ, ಮರುವಾರ ಮದುಮಕ್ಕಳಿಗೆ ಮತ್ತೆ ಬಾಸಿಂಗ ಕಟ್ಟಿಸಿ, ನೆರೆಮನೆಯವರನ್ನು ಬೀಗರೆಂದು ನಿಲ್ಲಿಸಿ ತೆಗೆದ ಕಥೆಯನ್ನು ಪೂರ್ತಿ ಹೇಳಿದೆ. ವಕೀಲರು ನಡುವೆ ಒಮ್ಮೆಯೂ ತಡೆಯಲಿಲ್ಲ. ಮುಗಿದ ಮೇಲೆ, "ಭಾಳ ಉಪಕಾರ ಆತು" ಎಂದು ಕೂತರು.

ಹೊರಗೆ ಬಂದಾಗ ಸಂಗಪ್ಪನವರು ಕೇಳಿದರು, "ಕುಷ್ಟಗಿ ಸುದ್ದಿ ಹೋಗ್ಲಿ. ಹುಗ್ಗಿ ಬಗ್ಗೆ ಯಾರ ಕೇಳಿದ್ರು ನಿಮ್ಮನ್ನ?"

ಗಿರಿಜಾ ಅಪ್ಪನ ಪಕ್ಕದಲ್ಲಿ ಕೈಚೀಲ ಹಿಡಿದು ನಿಂತಿದ್ದಳು. "ಬಿಡಪ್ಪಾ, ಖರೇ ಹೇಳ್ಯಾರ" ಎಂದಳು. ನನಗೆ ಅವಳ ಮುಖ ನೋಡಲು ಆಗಲಿಲ್ಲ. ಮುಂದಿನ ವಿಚಾರಣೆಯ ಮುದ್ದತಿಗೆ ನೀಲಮ್ಮನ ಸಾಕ್ಷಿ ಇತ್ತು. ಅವರು ಮದುವೆಯೇ ಆಗಿಲ್ಲ ಎಂದು ಹೇಳಿಬಿಟ್ಟರೆ ಗಿರಿಜಾ ಊರಲ್ಲಿ ಏನೆಂದು ಅನಿಸಿಕೊಳ್ಳಬೇಕು ಎಂಬುದನ್ನು ನಾವು ಮೂವರೂ ಯೋಚಿಸುತ್ತಿದ್ದೆವು.

ಬಸ್ ನಿಲ್ದಾಣದಲ್ಲಿ ಕೊಪ್ಪಳದ ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬ ಹೆಂಗಸು ಬಂದು ಅದೇ ಬೆಂಚಿನ ತುದಿಯಲ್ಲಿ ಕೂತರು. ನೀಲಮ್ಮ. ಅವರೂ ಕೋರ್ಟಿಗೆ ಬಂದಿದ್ದರು; ಈಗ ಮಗ, ವಕೀಲರು ಯಾರೂ ಜೊತೆಗಿರಲಿಲ್ಲ. ದೊಡ್ಡ ದನಿಯ ಹೆಂಗಸು ಆ ದಿನ ಪಿಸುಮಾತಿನಲ್ಲಿ ಕೇಳಿದರು.

"ಆ ಫೋಟೋದಾಗ ಕುರ್ಚಿ ಮ್ಯಾಲ ಕುಂತಾಕಿ ನಮ್ಮವ್ವ ಅಲ್ರೀ?"

"ಹೌದ್ರಿ ಅವ್ವಾರ."

"ಹೋದ ವರ್ಷ ತೀರಿಕೊಂಡ್ಳು. ಅಕಿದು ಒಂದೂ ಫೋಟೋ ಇಲ್ರಿ. ಆಲ್ಬಂ ಇತ್ತು. ಎರಡನೇದಾಕಿ ಬರೋ ಮುಂಚೆ ಅಂವ ಒಲಿಗೆ ಹಾಕಿದ. ಅದರಾಗ ನಮ್ಮವ್ವನೂ ಸುಟ್ಟಳು." ಸೆರಗಿನಿಂದ ಬಾಯಿ ಒರೆಸಿಕೊಂಡರು. "ನನಗೊಂದು ತೆಗದುಕೊಡ್ರಿ. ಎಷ್ಟಾಗತೈತಿ ಹೇಳ್ರಿ."

ಆಗಿಯೇ ಇಲ್ಲದ ಮದುವೆಯ ಆಲ್ಬಂ ಸುಟ್ಟ ಕಥೆಯನ್ನು ಅವರು ನನಗೆ ಹೇಳಿದ್ದರು. ಅದು ಅವರಿಗೆ ಹೊಳೆಯಿತೋ ಇಲ್ಲವೋ. ನಾನು, ಆ ಫೋಟೋ ನನ್ನದಲ್ಲ, ತೆಗೆಸಿದವರನ್ನು ಕೇಳಬೇಕು ಎಂದೆ. ತಲೆಯಾಡಿಸಿದರು. ಗಂಗಾವತಿ ಬಸ್ಸು ಬಂದಾಗ ಎದ್ದು ಹೋದರು.

ಮರುದಿನವೇ ಸಂಗಪ್ಪನವರಿಗೆ ಹೇಳಿಕಳಿಸಿದೆ. ತಂದೆ ಮಗಳು ಇಬ್ಬರೂ ಬಂದರು. ಸಂಗಪ್ಪನವರ ಮುಖ ಬಹಳ ದಿನಗಳ ಮೇಲೆ ಚುರುಕಾಗಿತ್ತು.

"ಇದು ಮಾಲು, ಈರಣ್ಣಾರ. ಕೋರ್ಟಿನ್ಯಾಗ ಮದುವಿ ಆಗೇತಿ ಅಂತ ಹೇಳಲಿ, ಹೊರಗ ಬಂದ ಕೂಡ್ಲೇ ಕೈಯಾಗ ಫೋಟೋ ಕೊಡೂಣು. ಉದ್ರಿ ಇಲ್ಲ."

"ಹಂಗ ಬ್ಯಾಡಪ್ಪಾ," ಎಂದಳು ಗಿರಿಜಾ.

"ಯಾಕ ಬ್ಯಾಡ? ಅಕಿ ನಿನ್ನ ಮನಿಯಿಂದ ಹೊರಗ ಹಾಕ್ಯಾಳ."

"ಅಕಿ ಹಾಕ್ಯಾಳ. ಅಜ್ಜಿ ಏನ್ ಮಾಡ್ಯಾಳ? ಆ ಮನ್ಯಾಗ ನಾ ಉಂಡ್ನೋ ಇಲ್ಲೋ ಅಂತ ಕೇಳತಿದ್ದಾಕಿ ಅಜ್ಜಿ ಒಬ್ಬಾಕಿ." ನನ್ನ ಕಡೆ ತಿರುಗಿದಳು. "ಅದು ನನ್ನ ಗೆಳತ್ಯಾರನ್ನ ಬಿಟ್ಟು ತೆಗಿಸಿದ್ದು, ಅಣ್ಣಾರ. ನನ್ನ ಪಾಲಿಂದು. ಅಜ್ಜಿದಷ್ಟ ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಡ್ರಿ."

"ಅಲ್ಲವ್ವಾ, ಅಕಿ ಮುಂದಿನ ಮುದ್ದತಿಗೆ ಬಂದು ಸುಳ್ಳು ಹೇಳಿದ್ಲಂದ್ರ?"

"ಹೇಳಿದ್ರ ಹೇಳಲಿ. ಮನ್ಯಾಗ ಹೋಗಿ ಅಜ್ಜಿ ಮುಂದ ಕುಂದ್ರಬೇಕಲ್ಲ."

ಸಂಗಪ್ಪನವರು ಒಪ್ಪಲಿಲ್ಲ. ಒಪ್ಪದೆಯೇ ಎದ್ದು ಬಸ್ಸಿಗೆ ಹೋದರು. ಗಿರಿಜಾ ಕಟ್ಟಿನ ಬಣ್ಣ ಆರಿಸಿ ಆಮೇಲೆ ಹೋದಳು.

ಕತ್ತರಿಸಲು ಹೋದಾಗ ಒಂದು ತೊಡಕು ಬಂತು. ಮುದುಕಿಯ ಹೆಗಲ ಮೇಲೆ ಗಿರಿಜಾಳ ಕೈ ಇತ್ತು. ಎಷ್ಟು ಹತ್ತಿರ ಕತ್ತರಿಸಿದರೂ ಹಸಿರು ಬಳೆ ತುಂಬಿದ ಮಣಿಕಟ್ಟು ಉಳಿಯುತ್ತಿತ್ತು. ಆ ಹೊತ್ತಿಗೆ ನಮ್ಮಲ್ಲಿ ಕಂಪ್ಯೂಟರ್ ಬಂದಿತ್ತು. ಕೈ ಅಳಿಸಿ ಅಲ್ಲಿ ಸೀರೆ ತುಂಬಬಹುದಿತ್ತು. ಯಲಬುರ್ಗಾಕ್ಕೆ ಫೋನು ಮಾಡಿ ಗಿರಿಜಾಳನ್ನು ಕೇಳಿದೆ. "ಇರ್ಲಿ ಬಿಡ್ರಿ" ಎಂದಳು.

ಸುದ್ದಿ ಮುಟ್ಟಿಸಿದ ಮೇಲೆ ನೀಲಮ್ಮ ಬಂದರು. ಕಟ್ಟು ಹಾಕಿದ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಮೊದಲು ತಾಯಿಯ ಮುಖ, ಆಮೇಲೆ ಹೆಗಲು.

"ಕೈ ಐತಲ್ರೀ."

"ಐತ್ರಿ. ನಿಮಗ ಬ್ಯಾಡ ಅಂದ್ರ ತೆಗೀಬಹುದು. ಕಂಪ್ಯೂಟರಿನ್ಯಾಗ ಬರತೈತಿ."

ಅವರು ಸೆರಗಿನಿಂದ ಗಾಜು ಒರೆಸಿದರು. ಅದರ ಮೇಲೆ ಧೂಳೇನೂ ಇರಲಿಲ್ಲ. "ಇರ್ಲಿ. ನಮ್ಮವ್ವ ಒಬ್ಬಾಕಿನ ಕುಂದ್ರಾಕ ಅಂಜತಿದ್ಳು" ಎಂದರು. ದರ ಕೇಳಿದರು. ಗಿರಿಜಾ ಕೊಟ್ಟು ಹೋಗಿದ್ದಾಳೆ ಎಂದಾಗ ಪರ್ಸು ಮುಚ್ಚಿ, ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದರು.

ಮುಂದಿನ ಮುದ್ದತಿಗೆ ನಾನು ಹೋಗಬೇಕಾಗಿರಲಿಲ್ಲ. ಹೋದೆ. ನೀಲಮ್ಮನ ಹೆಸರು ಕೂಗಿದರು. ಬಂದಿರಲಿಲ್ಲ. ಮೈಗೆ ಆರಾಮಿಲ್ಲ ಎಂದರು ವಕೀಲರು. ಅದರ ಮುಂದಿನ ಮುದ್ದತಿಗೂ ಆರಾಮಿರಲಿಲ್ಲ. ಆಕೆ ನಿಜ ಹೇಳಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. ತಾಯಿಯೇ ಬಾರದಿದ್ದ ಮೇಲೆ ಮಗ ತಾನೊಬ್ಬನೇ ನಿಂತು ಹೇಳುವಷ್ಟು ಧೈರ್ಯದವನಾಗಿರಲಿಲ್ಲ. ರಾಜಿಗೆ ಬಂದ. ಮದುವೆ ಆಗಿತ್ತು ಎಂದು ಕಾಗದದ ಮೇಲೆ ಒಪ್ಪಿಕೊಂಡ, ಜೀವನಾಂಶಕ್ಕೂ ಒಪ್ಪಿದ. ಸಂಗಪ್ಪನವರು ನನಗೆ ಸುದ್ದಿ ಹೇಳುವಾಗ, "ಫೋಟೋ ಮೊದಲ ಕೊಟ್ಟಿದ್ದು ತಪ್ಪ ಆಗಿತ್ತು. ಆದ್ರೂ ಕೆಲಸ ಆತು" ಎಂದರು. ಈಗಲೂ ಅವರ ಅಭಿಪ್ರಾಯ ಅದೇ.

ಆ ಹಣದಲ್ಲಿ ಗಿರಿಜಾ ಕೊಪ್ಪಳದಲ್ಲಿ ನರ್ಸಿಂಗ್ ಓದಿದಳು. ಕುಷ್ಟಗಿಯ ಆಸ್ಪತ್ರೆಯಲ್ಲಿ ಕೆಲಸವಾಯಿತು. ಒಮ್ಮೆ ಕುಷ್ಟಗಿಯಲ್ಲಿ ಹಂದರದ ಏಣಿಯಿಂದ ಬಿದ್ದಾಗ ನನ್ನ ಮೊಳಕೈಗೆ ಹೊಲಿಗೆ ಹಾಕುವ ಹೊತ್ತಿಗೆ ಪಕ್ಕದಲ್ಲಿದ್ದವಳು ಅವಳೇ. "ಅಲ್ಲಿ ನೋಡ್ಬ್ಯಾಡ್ರಿ, ನನ್ನ ಕಡಿ ನೋಡ್ರಿ" ಎಂದಳು. ನೋಡಿದೆ. ನೋವೇನೂ ಕಡಿಮೆಯಾಗಲಿಲ್ಲ.

ಅಷ್ಟರಲ್ಲಿ ನಮ್ಮ ಕೆಲಸ ಬದಲಾಗಿಬಿಟ್ಟಿತ್ತು. ರೋಲು ಹೋಯಿತು, ಖಾಲಿ ಫ್ಲ್ಯಾಶು ಹೋಯಿತು. ಈಗ ಎಲ್ಲವೂ ಖರೇ ಫೋಟೋ. ಸಾವಿರಗಟ್ಟಲೆ ತೆಗೆಯುತ್ತಾರೆ, ಯಾರೂ ನೋಡುವುದಿಲ್ಲ. ಮದುವೆಗೆ ಮುಂಚಿನ ಫೋಟೋ ಬಂತು. ಗಂಗಾವತಿ ಕಡೆಯ ಒಂದು ಜೋಡಿಯನ್ನು ವಿರೂಪಾಪುರಗಡ್ಡೆಗೆ ಕರೆದೊಯ್ದಿದ್ದೆ. ಭತ್ತದ ಗದ್ದೆಯ ಬದುವಿನ ಮೇಲೆ ಹುಡುಗಿ ಉದ್ದನೆಯ ಗೌನು ತೊಟ್ಟು ಓಡಿ ಬರಬೇಕು, ಹುಡುಗ ಎತ್ತಿಕೊಳ್ಳಬೇಕು. ಎತ್ತಿಕೊಂಡ. ಬದು ಕುಸಿಯಿತು. ನಾಟಿ ಮಾಡುತ್ತಿದ್ದ ಹೆಂಗಸರು ಇಬ್ಬರನ್ನೂ ಕೆಸರಿನಿಂದ ಎಳೆದು, ಹಾಳಾದ ಸಸಿಗೆ ಯಾರು ಹೊಣೆ ಎಂದು ಕೇಳಿದರು. ಕೆಟ್ಟದ್ದು ಯಾರ ಲೆಕ್ಕಕ್ಕೆ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ ಎಂದು ನಾನು ಹುಡುಗರಿಗೆ ಹೇಳುವುದು ಇದಕ್ಕೇ. ಆ ಜೋಡಿ ಕೆಸರಿನಲ್ಲಿ ಕೂತು ನಕ್ಕದ್ದನ್ನೇ ಕೊನೆಗೆ ದೊಡ್ಡದು ಮಾಡಿಸಿಕೊಂಡಿತು.

ಸಂಗಪ್ಪನವರ ಕಿರಿಯ ಮಗಳು ಶೋಭಾಳ ಮದುವೆ ನಿಕ್ಕಿಯಾಗಿದೆ ಎಂದು ಫೋನು ಬಂದಾಗ ನಾನು ನಿವೃತ್ತಿಯ ಯೋಚನೆಯಲ್ಲಿದ್ದೆ. ಅವರ ಪಡಸಾಲೆಗೆ ಹೋದರೆ ಖರ್ಚು ಹಾಕಲು ಎಲ್ಲರೂ ಕೂತಿದ್ದರು. ಬಂಗಾರದ ಮಾತು ಇನ್ನೂ ಬಂದಿರಲಿಲ್ಲ.

"ಮೊದಲ ಫೋಟೋ," ಎಂದರು ಸಂಗಪ್ಪನವರು. ನಿವೃತ್ತರಾಗಿದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. "ತಾಳಿ ಕಟ್ಟೋದು ನಾಕೂ ದಿಕ್ಕಿನಿಂದ ಬರಬೇಕು. ಎದುರಿಗೊಂದು, ಹಿಂದೊಂದು, ಎಡಕ, ಬಲಕ. ಮ್ಯಾಲಿಂದ ಆ ಹಾರೋ ಕ್ಯಾಮೆರಾ. ಗಂಡಿನ ಮುಖ ಕಾಣಬೇಕು. ಬಾಸಿಂಗ ಅಡ್ಡ ಬಂದ್ರ ಸರಿಸಿ ತೆಗೀರಿ."

ಹೊಸ ಬೀಗರ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ಇದನ್ನು ಕೇಳುತ್ತಾ ಚಹಾ ಕುಡಿಯುವುದನ್ನು ನಿಲ್ಲಿಸಿದರು.

"ಅಪ್ಪಾ, ಮದುವಿ ಮಾಡ್ಲಿಕತ್ತೀವಿ, ಪಂಚನಾಮೆ ಅಲ್ಲ," ಎಂದಳು ಗಿರಿಜಾ. ಕುಷ್ಟಗಿಯಿಂದ ರಜೆ ಹಾಕಿ ಬಂದಿದ್ದಳು. "ಹಾರೋದು ಬ್ಯಾಡ. ಎರಡು ಕ್ಯಾಮೆರಾ ಸಾಕು. ಎರಡೂ ಕಡಿ ಮಂದೀದು ಬರಬೇಕು, ವಯಸ್ಸಾದೋರದು ಮೊದಲ. ಶೋಭಾನ ಗೆಳತ್ಯಾರು ಎಷ್ಟು ಮಂದಿ ಬಂದ್ರೂ ಅಷ್ಟೂ ತೆಗೀಬೇಕು. ಫೋಟೋದ್ದು ನಾ ಕೊಡ್ತೀನಿ, ಅದನ್ನ ನಿಮ್ಮ ಖರ್ಚಿನ್ಯಾಗ ಹಿಡೀಬ್ಯಾಡ್ರಿ."

ನನ್ನ ದರ ಕೇಳಿದಳು. ಹೇಳಿದೆ. ಆಗಲಿ ಎಂದಳು. ಸಂಗಪ್ಪನವರು ನೋವಾದವರಂತೆ ಮುಖ ಮಾಡಿ ಗೋಡೆಯ ಕಡೆ ತಿರುಗಿದರು.

ಮದುವೆ ಯಲಬುರ್ಗಾದ ಒಂದು ಕಲ್ಯಾಣ ಮಂಟಪದಲ್ಲಾಯಿತು. ಎಲ್ಲವೂ ಸುಸೂತ್ರ. ಕೊನೆಗೆ ಮನೆಯವರದೆಲ್ಲ ಒಟ್ಟಿಗೆ ಒಂದು ಎಂದು ವೇದಿಕೆಯ ಮೇಲೆ ನಿಲ್ಲಿಸಿದೆ. ಮದುಮಕ್ಕಳು ನಡುವೆ, ಸಂಗಪ್ಪ ದಂಪತಿ ಪಕ್ಕದಲ್ಲಿ, ಹಿಂದೆ ಅತ್ತೆ, ಚಿಗವ್ವ, ದೊಡ್ಡವ್ವಂದಿರು. ಗಿರಿಜಾ ಹತ್ತಲು ಬಂದಳು. ಹಿಂದಿನ ಸಾಲಿನ ದೊಡ್ಡವ್ವ ತಗ್ಗಿದ ದನಿಯಲ್ಲಿ, ಆದರೆ ನನಗೂ ಕೇಳುವಂತೆ ಹೇಳಿದರು: "ಗಂಡ ಬಿಟ್ಟಾಕಿ ಹೊಸ ಜೋಡಿ ಮಗ್ಗಲಾಗ ನಿಲ್ಲಬಾರದವ್ವ. ಒಳ್ಳೇದಲ್ಲ." ಗಿರಿಜಾಳ ಕಾಲು ಮೆಟ್ಟಿಲ ಮೇಲೆಯೇ ನಿಂತಿತು. ಆಮೇಲೆ ಅವಳು ಏನೋ ಮರೆತವಳಂತೆ ಕೈಚೀಲ ನೋಡಿಕೊಂಡು ಕೆಳಗಿಳಿದಳು. ಮುಂದಿನ ಸಾಲಿನ ಕುರ್ಚಿಯೊಂದರಲ್ಲಿ ಕೂತು, ತೆಗೀರಿ ಎಂದು ನನಗೆ ಕೈಸನ್ನೆ ಮಾಡಿದಳು.

ನಾನು ಕ್ಯಾಮೆರಾ ಕಣ್ಣಿಗೆ ಹಿಡಿದೆ. ಅದರೊಳಗೆ ಸಂಗಪ್ಪನವರು ಕಾಣಲಿಲ್ಲ. ಅವರು ಸಾಲಿನಿಂದ ಹೊರಗೆ ಬಂದು ಎಲ್ಲರಿಗೂ ಎದುರಾಗಿ, ನನಗೆ ಬೆನ್ನು ಹಾಕಿ ನಿಂತಿದ್ದರು.

"ಎಲ್ಲಾರೂ ಕೆಳಗ ಇಳೀರಿ," ಎಂದರು.

"ಯಾಕೋ ಸಂಗಪ್ಪಾ?" ಎಂದರು ದೊಡ್ಡವ್ವ.

"ಇದರ ರೊಕ್ಕ ಕೊಟ್ಟಾಕಿ ಕೆಳಗ ಕುಂತಾಳ. ಅಕಿ ಇಲ್ಲಂದ್ರ ಈ ಫೋಟೋ ಇಲ್ಲ. ಇಳೀರಿ, ಊಟ ಆರತೈತಿ."

ಯಾರೂ ಇಳಿಯಲಿಲ್ಲ. ಶೋಭಾ, ಬಾಸಿಂಗ ಕಟ್ಟಿಕೊಂಡೇ, ತಾನು ಮಾತ್ರ ಎರಡು ಹೆಜ್ಜೆ ಮುಂದೆ ಬಂದು ಅಕ್ಕನ ಕಡೆ ಕೈ ಚಾಚಿದಳು. ಗಿರಿಜಾ ಮೇಲೆ ಬಂದಳು. ಸಂಗಪ್ಪನವರು ಅವಳನ್ನು ತಮ್ಮ ಮತ್ತು ಹೆಂಡತಿಯ ನಡುವೆ ನಿಲ್ಲಿಸಿಕೊಂಡರು. ಜಾಗ ಸಾಲಲಿಲ್ಲ, ಹಿಂದಿನವರು ಒತ್ತಿಕೊಳ್ಳಬೇಕಾಯಿತು. ನಾನು ತೆಗೆದೆ.

ಪರದೆಯ ಮೇಲೆ ನೋಡಿದೆ. ದೊಡ್ಡವ್ವ ಮುಖ ತಿರುಗಿಸಿದ್ದರು. ಅವರ ಕಿವಿಯ ಓಲೆ ಮಾತ್ರ ಬಂದಿತ್ತು. ಈಗ ರೋಲಿನ ಚಿಂತೆ ಇಲ್ಲವಲ್ಲ, ಇನ್ನೊಂದು ತೆಗೆಯಲೇ ಎಂದು ಸಂಗಪ್ಪನವರನ್ನು ಕೇಳಿದೆ. ಅವರು ಇಳಿದು ಬಂದು, ಕನ್ನಡಕ ಹಾಕಿಕೊಂಡು, ಪರದೆಯನ್ನು ನಿಧಾನವಾಗಿ ನೋಡಿದರು.

"ಸಾಕು ಬಿಡ್ರಿ," ಎಂದರು. "ಬೇಕಾದವರು ಬಂದಾರ."